ಹೊಳೆದಂಡೆಯ ತೊಟ್ಟಿಲು

ನನ್ನ ಅಜ್ಜ ಹುಲಿಯಾ ಗೌಡನಿಗೆ ಗಂಗಾವಳಿ ಹೊಳೆಯಲ್ಲಿ ಬಂಗಾರ ಸಿಕ್ಕಿತ್ತು ಎಂದು ಹೇಳುವವರು ಹಿಲ್ಲೂರಿನ ಸುತ್ತಮುತ್ತ ಈಗಲೂ ಇದ್ದಾರೆ. ಒಬ್ಬರ ಬಾಯಲ್ಲಿ ಅದು ಹಿಡಿಯಷ್ಟು, ಇನ್ನೊಬ್ಬರ ಬಾಯಲ್ಲಿ ಚೆಂಬು ತುಂಬ. ನಿಜವಾಗಿ ಎಷ್ಟು ಸಿಕ್ಕಿತು, ಸಿಕ್ಕಿದ್ದು ಏನಾಯಿತು ಎಂಬುದನ್ನು ನಾನು ಕೇಳಿದ್ದು ಅಜ್ಜಿ ಬೊಮ್ಮಿಯಿಂದ. ಬೇಸಿಗೆಯ ಮಧ್ಯಾಹ್ನ ಜಗಲಿಯಲ್ಲಿ ಕಾಲು ಚಾಚಿ ಕುಳಿತು, ಹುಣಸೆಹಣ್ಣಿನ ಬೀಜ ಬಿಡಿಸುತ್ತ ಅವಳು ಹೇಳುತ್ತಿದ್ದಳು. ಬಂಗಾರ ಸಿಕ್ಕಿದ ಕತೆಯನ್ನು ಬೇಗ ಮುಗಿಸಿಬಿಡುವಳು. ಅದನ್ನು ಹುಡುಕಲು ಇಬ್ಬರೂ ಸೇರಿ ಸಾಮಾನು ಮಾಡಿಕೊಂಡ ಕತೆಗೆ ಬಂದಾಗ ಮಾತ್ರ ಅವಳ ಕೈ ನಿಧಾನವಾಗುತ್ತಿತ್ತು.

ಘಟ್ಟ ಇಳಿದು ಬರುವ ಗಂಗಾವಳಿ ನಮ್ಮಲ್ಲಿ ಒಂದು ಕಡೆ ಮೊಣಕೈಯಂತೆ ಬಾಗುತ್ತದೆ. ಆ ಬಾಗಿನ ಮೇಲೆ, ಕಾಡಿನ ಅಂಚಿಗೆ ಹಾಲಕ್ಕಿ ಒಕ್ಕಲಿಗರ ಕೇರಿ, ನಮ್ಮ ಕೊಪ್ಪ. ಮಣ್ಣಿನ ಗೋಡೆ, ಹುಲ್ಲಿನ ಮಾಡು, ಸೆಗಣಿ ಸಾರಿಸಿದ ಅಂಗಳ. ಅಜ್ಜ ಗೇಣಿಗೆ ಗದ್ದೆ ಮಾಡುತ್ತಿದ್ದ. ಆದರೆ ಊರಿನವರಿಗೆ ಅವನು ಬೇಕಾಗಿದ್ದದ್ದು ಕೈಕೆಲಸಕ್ಕೆ. ಆಚಾರಿಯಲ್ಲ, ಯಾರ ಹತ್ತಿರವೂ ಕಲಿತವನಲ್ಲ. ಒಂದು ಕತ್ತಿ, ಒಂದು ಬಾಚಿ, ಒಂದು ಉಳಿ ಇಟ್ಟುಕೊಂಡು ನೇಗಿಲು ಕೆತ್ತುತ್ತಿದ್ದ, ಗಂಜಿ ಬಸಿಯುವ ಮರದ ಮರಿಗೆ ಕೊರೆಯುತ್ತಿದ್ದ, ಹಳ್ಳದಲ್ಲಿ ಮೀನು ಹಿಡಿಯಲು ಬಿದಿರಿನ ಕೂಳಿ ಹೆಣೆಯುತ್ತಿದ್ದ. ಕೆಲಸ ಮಾಡಿಸಿಕೊಂಡವರು ಸೌತೆಕಾಯಿಯನ್ನೋ ಒಣಮೀನನ್ನೋ ತಂದುಕೊಡುತ್ತಿದ್ದರು. ಮದುವೆಯಾಗಿ ಅಜ್ಜಿ ಬಸುರಿಯಾದಾಗ ಹಲಸಿನ ಹಲಗೆಯಲ್ಲಿ ತೊಟ್ಟಿಲು ಮಾಡಿದ. ನಾಲ್ಕು ಮೂಲೆಗೂ ಕೆತ್ತಿದ ಗಿಳಿ. ಅಷ್ಟು ಚೆಂದದ ತೊಟ್ಟಿಲು ಪಟೇಲರ ಮನೆಯಲ್ಲೂ ಇರಲಿಲ್ಲ ಎಂದು ಅಜ್ಜಿ ಹೇಳುತ್ತಿದ್ದಳು.

ಆ ತೊಟ್ಟಿಲಿನಲ್ಲಿ ಮಲಗಿದ ಗಂಡು ಕೂಸು ಅಂಬೆಗಾಲಿಡುವ ಹೊತ್ತಿಗೆ ಜ್ವರ ಬಂದು ಹೋಗಿಬಿಟ್ಟಿತು. ಆ ಮಳೆಗಾಲಕ್ಕೆ ಅಂಕೋಲೆಯಲ್ಲಿ ಉಪ್ಪಿನ ಸತ್ಯಾಗ್ರಹವಾಗಿ ಮೂರ್ನಾಲ್ಕು ವರ್ಷವಾಗಿತ್ತು, ಕರ ಕೊಡುವುದಿಲ್ಲವೆಂದು ಜೈಲಿಗೆ ಹೋದವರಲ್ಲಿ ಕೆಲವರು ಇನ್ನೂ ತಿರುಗಿ ಬಂದಿರಲಿಲ್ಲ. ಅಜ್ಜ ತೊಟ್ಟಿಲನ್ನು ಬಿಚ್ಚಿ ಅಟ್ಟಕ್ಕೆ ಏರಿಸಿದ. ಕತ್ತಿಯನ್ನು ಮಾಡಿನ ಸೂರಿಗೆ ಸಿಕ್ಕಿಸಿದ. ಗದ್ದೆಗೆ ಹೋಗುವನು, ಬರುವನು, ಉಣ್ಣುವನು. ಯಾರಾದರೂ ಮರಿಗೆ ಕೆತ್ತಿಕೊಡು ಎಂದು ಬಂದರೆ ಕತ್ತಿ ಮೊಂಡಾಗಿದೆ ಎನ್ನುವನು. ಅಜ್ಜಿ ಅತ್ತು ಹಗುರಾಗುತ್ತಿದ್ದಳು. ಅವನು ಅಳಲೂ ಇಲ್ಲ, ಮಾತಾಡಲೂ ಇಲ್ಲ. ಮಗುವಿನ ಜೊತೆ ಗಂಡನನ್ನೂ ಕಳೆದುಕೊಂಡೆನೋ ಎಂದು ಅವಳು ಹೆದರಿಹೋಗಿದ್ದಳು.

ದೀಪಾವಳಿ ಕಳೆದ ಮೇಲೆ ಅರಬೈಲ್ ಘಟ್ಟ ಇಳಿದು ಜಾಲಗಾರರು ಬಂದರು. ಜಾಲಗಾರರೆಂದರೆ ಅಕ್ಕಸಾಲಿಗರ ಅಂಗಡಿಯ ಕಸ, ಬೂದಿ ತೊಳೆದು ಬಂಗಾರದ ಚೂರು ತೆಗೆಯುವವರು. ಧಾರವಾಡದ ಕಡೆಯಿಂದ ವರ್ಷಕ್ಕೊಮ್ಮೆ ಅಂಕೋಲೆ, ಕಾರವಾರದ ಪೇಟೆಗೆ ಹೋಗುವಾಗ ನಮ್ಮ ಹೊಳೆಯ ಬಾಗಿನಲ್ಲಿ ಬಿಡಾರ ಹೂಡುತ್ತಿದ್ದರು. ಆ ವರ್ಷ ಬಂದವರು ಮುದುಕ, ಮುದುಕಿ ಇಬ್ಬರೇ. ದನ ಅಟ್ಟಿಕೊಂಡು ಬರಲು ಹೋದ ಅಜ್ಜ ಹೊಳೆಯ ಮೊಣಕಾಲುಮಟ್ಟದ ನೀರಿನಲ್ಲಿ ಕುಕ್ಕರಗಾಲಲ್ಲಿ ಕುಳಿತ ಮುದುಕನನ್ನು ನೋಡಿ ನಿಂತುಬಿಟ್ಟ. ಮುದುಕ ಅಗಲವಾದ ಮರದ ತಟ್ಟೆಯಲ್ಲಿ ಮರಳು ತುಂಬಿ ನೀರಿನಲ್ಲಿ ತಿರುಗಿಸುತ್ತಿದ್ದ. ಮೇಲಿನ ಬಿಳಿ ಮರಳು ನೀರಿನೊಟ್ಟಿಗೆ ಜಾರಿ ಹೋಗುತ್ತಿತ್ತು. ಕೊನೆಗೆ ಒಂದಿಷ್ಟು ಕಪ್ಪು ಮರಳು ಉಳಿಯಿತು, ಅದರ ಅಂಚಿನಲ್ಲಿ ಸಾಸಿವೆಗಿಂತ ಸಣ್ಣದೊಂದು ಹಳದಿ ಚುಕ್ಕೆ.

ಮುದುಕ ಅದನ್ನು ಉಗುರಿನ ತುದಿಗೆ ಅಂಟಿಸಿ ಅಜ್ಜನ ಮುಂದೆ ಹಿಡಿದ. "ಈ ಹೊಳಿ ನಮ್ಮ ಕಡಿಂದ ಬರ್ತೈತಿ ತಮ್ಮಾ," ಎಂದ. "ಬರೂವಾಗ ಬರೇ ಕೈಲೆ ಬರಾಂಗಿಲ್ಲ."

ಅವರು ಅಲ್ಲಿದ್ದಷ್ಟು ದಿನವೂ ಅಜ್ಜ ದನದ ನೆಪ ಮಾಡಿಕೊಂಡು ಹೋಗುತ್ತಿದ್ದ. ಮುದುಕ ಬಚ್ಚಿಡುವವನಲ್ಲ. ಬಂಗಾರ ಭಾರ, ಅದು ಯಾವಾಗಲೂ ತಳ ಹುಡುಕುತ್ತದೆ. ಹೊಳೆ ಬಾಗಿದಲ್ಲಿ ಒಳಬದಿಗೆ, ಬಂಡೆಯ ಬೆನ್ನಿಗೆ, ನೀರು ದಣಿದು ನಿಲ್ಲುವ ಕಡೆ ನೋಡಬೇಕು. ಕಪ್ಪು ಮರಳು ಕಂಡಲ್ಲಿ ಕೈ ಹಾಕಬೇಕು. ಇಷ್ಟನ್ನು ಹೇಳಿಕೊಟ್ಟು, ಇದರಿಂದ ಹೊಟ್ಟೆ ತುಂಬುವುದಿಲ್ಲ ಎಂಬುದನ್ನೂ ಹೇಳಿ, ಗಂಟು ಕಟ್ಟಿಕೊಂಡು ಮುದುಕಿಯೊಡನೆ ಅಂಕೋಲೆಯ ದಾರಿ ಹಿಡಿದ.

ಮರುದಿನ ಬೆಳಿಗ್ಗೆ ಅಜ್ಜಿ ಕೊಟ್ಟಿಗೆಯಲ್ಲಿದ್ದಳು. ಅಂಗಳದಲ್ಲಿ ಕಲ್ಲಿನ ಮೇಲೆ ಕತ್ತಿ ಮಸೆಯುವ ಸದ್ದು ಕೇಳಿಸಿತು. ಸೆಗಣಿಯ ಕೈಯಲ್ಲೇ ಬಾಗಿಲಿಗೆ ಬಂದು ನಿಂತು ನೋಡಿದಳು. ಏನು ಮಾಡುತ್ತೀ ಎಂದು ಕೇಳಲಿಲ್ಲ. ಕೇಳಿದರೆ ಎಲ್ಲಿ ನಿಲ್ಲಿಸಿಬಿಡುತ್ತಾನೋ ಎಂಬ ಭಯ.

ಮೊದಲು ಮಾಡಿದ್ದು ಮರಿಗೆ. ಹಾಲೆಮರ ಹಗುರ, ಕೊರೆಯಲು ಸುಲಭ ಎಂದು ಅದನ್ನೇ ಕಡಿದು, ಮುದುಕನ ತಟ್ಟೆಯಂತೆ ಅಗಲವಾಗಿ, ತಳ ಆಳವಿಲ್ಲದಂತೆ ಕೆತ್ತಿದ. ಬಿಸಿಲಿಗೆ ಒಣಗಿದ್ದೇ ಅದು ಉದ್ದಕ್ಕೆ ಸೀಳಿತು. ಸೀಳಿಗೆ ರಾಳ ಕಾಯಿಸಿ ತುಂಬಿದ. ಆಮೇಲೆ ಹಿಲ್ಲೂರಿನ ಅಂಗಡಿಯವರು ಎಸೆದ ಚಿಮಣಿ ಎಣ್ಣೆಯ ಡಬ್ಬಿ ಬೇಡಿ ತಂದು, ತಳಕ್ಕೆ ಮೊಳೆಯಿಂದ ತೂತು ಹೊಡೆದು ಜರಡಿ ಮಾಡಿದ. ಅದರಲ್ಲಿ ಕಲ್ಲು ಸೋಸಿ, ಮರಳನ್ನು ಮರಿಗೆಗೆ ಹಾಕಿ ತೊಳೆಯುವುದು. ಗದ್ದೆಯ ಕೆಲಸ ಮುಗಿದ ಮೇಲೆ ಆ ಬೇಸಿಗೆ ಇಡೀ ಅವನು ಹೊಳೆಯಲ್ಲೇ ಇದ್ದ. ಹೊಳೆಯುವ ಚೂರುಗಳು ಸಿಗುತ್ತಲೇ ಇದ್ದವು. ಅವನ್ನೆಲ್ಲ ಬಿದಿರಿನ ಒಂದು ಕೊಳವೆಯಲ್ಲಿ ತುಂಬಿ, ಬಾಯಿಗೆ ಬಟ್ಟೆ ಕಟ್ಟಿ, ಮಳೆ ಹಿಡಿಯುವ ಮುಂಚೆ ಅಂಕೋಲೆಗೆ ನಡೆದ.

ಅಂಕೋಲೆಯ ಪೇಟೆಯಲ್ಲಿ ದತ್ತಾ ಶೇಟರೆಂಬ ಅಕ್ಕಸಾಲಿಗರಿದ್ದರು. ಮನೆಮಾತು ಕೊಂಕಣಿ. ಊದುಗೊಳವೆ ಊದಿ ಊದಿ ಕೆನ್ನೆ ಜೋತುಹೋದ ಮನುಷ್ಯ. ಅಜ್ಜ ಕೊಳವೆಯನ್ನು ಅವರ ಮುಂದೆ ಬಗ್ಗಿಸಿದಾಗ ಬಾಳೆಲೆಯ ಮೇಲೆ ಒಂದು ಹೊಳೆಯುವ ರಾಶಿಯೇ ಬಿತ್ತು. ಅಂಗಡಿಯಲ್ಲಿ ಕುಳಿತಿದ್ದವರು ಬಗ್ಗಿ ನೋಡಿದರು. ಶೇಟರು ಒಂದು ಚೂರನ್ನು ಅಡಿಗಲ್ಲಿನ ಮೇಲಿಟ್ಟು ಸಣ್ಣ ಸುತ್ತಿಗೆಯಿಂದ ತಟ್ಟಿದರು. ಅದು ಹಿಟ್ಟಾಯಿತು. ಇನ್ನೊಂದು ತಟ್ಟಿದರು, ಅದೂ ಹಾಗೆಯೇ.

"ಹೆಂ ಭಾಂಗಾರ ನ್ಹಂಯ್," ಎಂದು ತಮ್ಮಷ್ಟಕ್ಕೆ ಹೇಳಿಕೊಂಡು, ಅಜ್ಜನ ಮುಖ ನೋಡಿ ಕನ್ನಡದಲ್ಲಿ ಮೆಲ್ಲಗೆ ಹೇಳಿದರು. "ಬಂಗಾರ ಅಲ್ಲ ಹುಲಿಯಾ. ಕಾಗೆಬಂಗಾರ."

ಕುಳಿತಿದ್ದವರು ನಕ್ಕರು. ಶೇಟರು ನಗಲಿಲ್ಲ. ತಮ್ಮ ಕೆಲಸದ ಮಣೆಯಿಂದ ಅರದಿಂದ ಉಜ್ಜುವಾಗ ಉದುರಿದ ಬಂಗಾರದ ಒಂದು ಕಣವನ್ನು ಒದ್ದೆ ಬೆರಳಿನಲ್ಲಿ ಎತ್ತಿ, ಅಜ್ಜನ ಅಂಗೈಯಲ್ಲಿ ಒಂದು ಕಾಗೆಬಂಗಾರದ ಚೂರಿನ ಪಕ್ಕಕ್ಕೆ ಹಚ್ಚಿ, ಮೊದಲು ಬಿಸಿಲಿಗೆ ಹಿಡಿ, ಆಮೇಲೆ ನೆರಳಿಗೆ ಹಿಡಿ ಎಂದರು. ಬಿಸಿಲಿನಲ್ಲಿ ಎರಡೂ ಹೊಳೆದವು. ಕೈ ಅಡ್ಡ ಹಿಡಿದು ನೆರಳು ಮಾಡಿದಾಗ ಕಾಗೆಬಂಗಾರ ಮಂಕಾಯಿತು, ಬಂಗಾರದ ಹಳದಿ ಹಾಗೆಯೇ ಉಳಿಯಿತು. ಇನ್ನು ಮೇಲೆ ನೆರಳಿನಲ್ಲಿ ನೋಡು ಎಂದು ಹೇಳಿ ಕಣವನ್ನು ತೆಗೆದುಕೊಂಡರು.

ಅಜ್ಜ ರಾಶಿಯನ್ನು ಮತ್ತೆ ಕೊಳವೆಗೆ ತುಂಬಿಕೊಂಡು, ಪೇಟೆಯ ಕೊನೆಗೆ ಬಂದು ಚರಂಡಿಗೆ ಸುರಿದ. ಮನೆಗೆ ಹೋಗಲು ಮನಸ್ಸಾಗದೆ ಕಡಲದಂಡೆಯ ಕೇಣಿಯ ಕಡೆ ಹೆಜ್ಜೆ ಹಾಕಿದ. ಕೇಣಿಯಲ್ಲಿ ಕುಪ್ಪ ಹರಿಕಂತ್ರ ಎಂಬವನು ಅವನ ಸ್ನೇಹಿತ. ಕುಪ್ಪ ದೋಣಿ ಹಾಕುವವನು. ಒಣಮೀನು, ಉಪ್ಪು ಹೇರಿಕೊಂಡು ಎತ್ತಿನ ಗಾಡಿಯಲ್ಲಿ ಹಿಲ್ಲೂರಿನ ಮೇಲೆ ಯಲ್ಲಾಪುರದವರೆಗೂ ಹೋಗುತ್ತಿದ್ದ. ನಮ್ಮ ಮನೆಯ ಜಗಲಿ ಅವನ ತಂಗುದಾಣ. ಕುಪ್ಪನ ಹೆಂಡತಿ ಮಾದೇವಿ ಅನ್ನಕ್ಕೆ ಬಂಗಡೆಯ ಸಾರು ಬಡಿಸಿದಳು. ಉಂಡ ಮೇಲೆ ಅಜ್ಜ ನಡೆದದ್ದನ್ನೆಲ್ಲ ಹೇಳಿದ. ಜಾಲಗಾರ ಮುದುಕನ ಉಗುರಿನ ಮೇಲಿದ್ದದ್ದು ನಿಜವಾದ ಬಂಗಾರವೇ, ತನ್ನ ಮರಿಗೆಯಲ್ಲಿ ಅದು ನಿಲ್ಲುತ್ತಿಲ್ಲ ಎಂದ. ಕುಪ್ಪ ಎಲ್ಲ ಕೇಳಿ, ಅವನನ್ನು ದಂಡೆಯ ಮೇಲೆ ಮಗುಚಿ ಬಿದ್ದ ತನ್ನ ಹಳೇ ದೋಣಿಯ ಹತ್ತಿರ ಕರೆದುಕೊಂಡು ಹೋದ. ತಳ ಒಡೆದು ಎರಡು ವರ್ಷದಿಂದ ಬಿದ್ದಿದ್ದ ದೋಣಿ.

"ಇದ್ರ ಹೊಟ್ಟೆ ನೋಡು," ಎಂದ ಕುಪ್ಪ. "ಎಷ್ಟ್ ತೊಳದ್ರೂ ಈ ಪಕ್ಕೆಲುಬಿನ ಸಂದೀಲಿ ಮರಳು ಕೂತ್ಕಂಡೇ ಇರ್ತದೆ. ಮೀನಿನ ಹುರುಪೆ ಸೈತ ಹೋಗುದಿಲ್ಲ. ನಿನ್ನ ಬಂಗಾರನೂ ಹೀಂಗೇ ಕೂತ್ಕಳ್ಳುದಿಲ್ಲ ಹೇಳ್ತ್ಯಾ?"

ಅಜ್ಜ ಕೈ ಹಾಕಿ ಅಡ್ಡಪಟ್ಟಿಗಳ ಸಂದಿಯನ್ನು ಸವರಿದ. ಬೆರಳಿಗೆ ಕಪ್ಪು ಮರಳು ಅಂಟಿಬಂತು. ಅವನು ಆಗ ನಕ್ಕನಂತೆ. ಮಗು ಹೋದ ಮೇಲೆ ಅವನು ನಕ್ಕದ್ದು ಅದೇ ಮೊದಲು ಎಂದು ಕುಪ್ಪನೇ ಮುಂದೆ ಅಜ್ಜಿಗೆ ಹೇಳಿದ್ದ. ಇಬ್ಬರೂ ಸೇರಿ ದೋಣಿಯ ತಳದಲ್ಲಿ ಗಟ್ಟಿಯಿದ್ದ ಒಂದು ತುಂಡನ್ನು ಅಡ್ಡಪಟ್ಟಿಗಳ ಸಮೇತ ಗರಗಸದಿಂದ ಕೊಯ್ದರು. ಮಳೆಗಾಲ ಕಳೆದ ಮೇಲೆ ಅದು ಒಣಮೀನಿನ ಗಾಡಿಯಲ್ಲಿ ನಮ್ಮ ಕೊಪ್ಪಕ್ಕೆ ಬಂತು. ಅದರ ಮೀನಿನ ವಾಸನೆಗೆ ಕೊಪ್ಪದ ಬೆಕ್ಕುಗಳೆಲ್ಲ ಅಂಗಳಕ್ಕೆ ಬಂದು ಕುಳಿತಿದ್ದವೆಂದು ಅಜ್ಜಿ ನಗುತ್ತಿದ್ದಳು.

ಜರಡಿ ಇನ್ನೂ ಸರಿಯಿರಲಿಲ್ಲ. ಡಬ್ಬಿಯ ತೂತು ದೊಡ್ಡದು, ತುಕ್ಕು ಹಿಡಿದು ಇನ್ನೂ ದೊಡ್ಡದಾಗುತ್ತಿತ್ತು. ಸಣ್ಣ ಕಣ್ಣಿನ ಜಾಳಿಗೆ ಬೇಕು. ಅಂಥದ್ದು ಕಾರವಾರದ ಬಂದರಿನಲ್ಲಿ ಸಿಗಬಹುದೆಂದು ಕುಪ್ಪ ಅವನನ್ನು ತನ್ನ ಸಂಬಂಧಿಯೊಬ್ಬನ ಮಚವೆಯಲ್ಲಿ, ಸರಕಿನ ಹಾಯಿದೋಣಿಯಲ್ಲಿ, ಕೂರಿಸಿಕೊಂಡು ಹೋದ. ಅಜ್ಜ ಸಮುದ್ರದ ಮೇಲೆ ಹೋದದ್ದು ಜೀವಮಾನದಲ್ಲಿ ಅದೊಂದೇ ಸಲ. ದಾರಿಯುದ್ದಕ್ಕೂ ಹಾಯಿಯ ಹಗ್ಗ ಹಿಡಿದುಕೊಂಡೇ ಇದ್ದನಂತೆ. ಕಾರವಾರದಲ್ಲಿ ಹೊಗೆ ಬಿಡುವ ಆಗಬೋಟು ನೋಡಿದ, ದೀಪಸ್ತಂಭ ನೋಡಿದ, ಬಂದರಿನ ಹಿಂದೆ ಹಡಗಿನ ಮುರುಕು ಸಾಮಾನು ಮಾರುವ ಗುಜರಿ ಅಂಗಡಿಯಲ್ಲಿ ಹರಿದ ಹಿತ್ತಾಳೆ ಜಾಳಿಗೆಯೊಂದನ್ನು ನೋಡಿದ. ಅವನು ಒಯ್ದಿದ್ದು ಕಾಡಿನ ತುಡುವೆ ಜೇನು, ಒಂದು ಸೋರೆಬುರುಡೆಯ ತುಂಬ. ಗುಜರಿಯವನು ಬೆರಳದ್ದಿ ನೆಕ್ಕಿ, ಬುರುಡೆ ಒಳಗಿಟ್ಟುಕೊಂಡು ಜಾಳಿಗೆ ಕೊಟ್ಟ. ಅವತ್ತು ಸಂಜೆ ಇಬ್ಬರು ಸ್ನೇಹಿತರೂ ಕಾರವಾರದ ಮರಳದಂಡೆಯಲ್ಲಿ ಕುಳಿತು ಅವಲಕ್ಕಿ ತಿಂದರು. ಸಮುದ್ರದ ಮರಳನ್ನೂ ಅಜ್ಜ ಮುಷ್ಟಿಯಲ್ಲಿ ಎತ್ತಿ ನೆರಳು ಮಾಡಿ ನೋಡಿದನೆಂದು ಕುಪ್ಪ ಎಷ್ಟೋ ವರ್ಷ ಆಡಿಕೊಳ್ಳುತ್ತಿದ್ದ.

ಹಲಗೆ ಬಂತು, ಜಾಳಿಗೆ ಬಂತು. ಜಾಳಿಗೆಯನ್ನು ಕೂರಿಸಿ ಅಲ್ಲಾಡಿಸಲು ಒಂದು ಪೆಟ್ಟಿಗೆ ಬೇಕಿತ್ತು. ಬಿದಿರಿನ ಬುಟ್ಟಿಗೆ ಕಟ್ಟಿ ನೋಡಿದ. ಕಲ್ಲಿನ ಭಾರಕ್ಕೆ ಬುಟ್ಟಿ ಹರಿಯಿತು. ಹೊಸ ಹಲಗೆ ಕೊಯ್ಸಲು ಕೈಯಲ್ಲಿ ಏನೂ ಇರಲಿಲ್ಲ. ಕಾಡಿನ ಮರ ಮುಟ್ಟಿದರೆ ಗಾರ್ಡು ಬಿಡುವವನಲ್ಲ. ಅಜ್ಜ ಜಗಲಿಯಲ್ಲಿ ಕುಳಿತು ಅಟ್ಟದ ಕಡೆ ಒಮ್ಮೆ ನೋಡುವನು, ತಲೆ ತಗ್ಗಿಸುವನು. ಹೀಗೇ ಕೆಲವು ದಿನ ಹೋಯಿತು. ಅವನು ಬಾಯಿ ಬಿಟ್ಟು ಕೇಳಲಿಲ್ಲ. ಕೇಳುವವನೂ ಅಲ್ಲ ಎಂದು ಅಜ್ಜಿಗೆ ಗೊತ್ತಿತ್ತು.

ಒಂದು ಬೆಳಿಗ್ಗೆ ಅವನು ಎಮ್ಮೆ ಬಿಟ್ಟು ಬರುವಷ್ಟರಲ್ಲಿ ಅಜ್ಜಿ ಒಬ್ಬಳೇ ಏಣಿ ಹತ್ತಿ ತೊಟ್ಟಿಲನ್ನು ಇಳಿಸಿ, ಧೂಳು ಒರೆಸಿ, ಅಂಗಳದ ನಡುವೆ ಇಟ್ಟಿದ್ದಳು. ಅವನು ಬೇಲಿಯ ಹತ್ತಿರವೇ ನಿಂತ.

"ಅಟ್ಟದ ಮೇಲಿದ್ರೆ ಗೆದ್ಲು ತಿಂತದೆ," ಎಂದಳು ಅಜ್ಜಿ. "ಕೆಲ್ಸಕ್ಕೆ ಬಂದ್ರೆ ಬರ್ಲಿ."

"ನಿಂಗೆ ಬ್ಯಾಜಾರ ಆಗುದಿಲ್ವಾ?"

"ಆಗ್ತದೆ. ಬರೀ ತೊಟ್ಲು ನೋಡ್ತಾ ಕೂತ್ರೆ ಇನ್ನೂ ಹೆಚ್ಚು ಆಗ್ತದೆ. ತಕಾ."

ಅವನು ಬಂದು ತೊಟ್ಟಿಲಿನ ಪಕ್ಕ ಕುಳಿತ. ಒಂದು ಗಿಳಿಯ ಕೊಕ್ಕನ್ನು ಹೆಬ್ಬೆರಳಿನಿಂದ ಉಜ್ಜುತ್ತ ಬಹಳ ಹೊತ್ತು ಕುಳಿತಿದ್ದ. ಆಮೇಲೆ ಅತ್ತ. ಅಜ್ಜಿ ಹತ್ತಿರ ಹೋಗಲಿಲ್ಲ, ಅಡುಗೆಮನೆಗೂ ಹೋಗಲಿಲ್ಲ. ಬಾಗಿಲ ಚೌಕಟ್ಟಿಗೆ ಒರಗಿ ಅಲ್ಲೇ ನಿಂತಳು. ಅತ್ತು ಮುಗಿದ ಮೇಲೆ ಅವನೇ ಎದ್ದು ಸೂರಿನಿಂದ ಉಳಿ ತೆಗೆದುಕೊಂಡ. ಕೆತ್ತನೆಗೆ ಒಂದೂ ಪೆಟ್ಟು ಬೀಳದ ಹಾಗೆ ತಳದ ಹಲಗೆಯನ್ನು ಮಾತ್ರ ಎಬ್ಬಿಸಿ ತೆಗೆದು, ಅಲ್ಲಿ ಜಾಳಿಗೆ ಕೂರಿಸಿದ. ತೆಗೆದ ಹಲಗೆಯನ್ನು ಅಜ್ಜಿ ಒಯ್ದು, ಹುಲ್ಲಿನಲ್ಲಿ ಕಟ್ಟಿಟ್ಟ ಅಕ್ಕಿ ಮುಡಿಯ ಹಿಂದೆ ಇಟ್ಟಳು.

ಹೊಳೆಯ ಬಾಗಿನಲ್ಲಿ, ಸಣ್ಣ ಹಳ್ಳವೊಂದು ಬಂದು ಸೇರುವ ಕಡೆ ಅವರ ಕಾರ್ಖಾನೆ. ಮೂರು ಬಿದಿರಿನ ಗಳುಗಳನ್ನು ತುದಿ ಸೇರಿಸಿ ಕಟ್ಟಿ ನಿಲ್ಲಿಸಿ, ಅದಕ್ಕೆ ಕತ್ತದ ಹಗ್ಗದಿಂದ ತೊಟ್ಟಿಲು ತೂಗಿಬಿಟ್ಟರು. ಅದರ ಕೆಳಗೆ ದೋಣಿಯ ತುಂಡನ್ನು ಹೊಳೆಯ ಕಡೆ ಇಳಿಜಾರಾಗಿ ಇಟ್ಟರು. ದೋಣಿಯ ಹಲಗೆಯ ಕೆಳತುದಿಗೆ ಹಾಸಲು ಒರಟು ಬಟ್ಟೆ ಬೇಕು, ಸಣ್ಣ ಕಣಗಳು ಅದರ ಜುಂಗಿಗೆ ಸಿಕ್ಕಿಕೊಳ್ಳಲಿ ಎಂದು. ಮನೆಯಲ್ಲಿದ್ದದ್ದು ಮಳೆಗೆ ಹೊದೆಯುವ ಕಂಬಳಿ ಒಂದೇ. ಅದನ್ನೇ ಹಾಸಿದರು. ಹಳ್ಳದಿಂದ ನೀರು ತರಲು ಅಡಿಕೆ ಮರದ ಕಾಂಡ ಸೀಳಿ ಮಾಡಿದ ದಂಬೆ. ಅಜ್ಜ ಬಂಡೆಯ ಬೆನ್ನಿನಿಂದ ಮರಳು ಬಗೆದು ತಂದು ತೊಟ್ಟಿಲಿಗೆ ಸುರಿಯುವನು. ದಂಬೆಯ ನೀರು ಅದರ ಮೇಲೆ ಬೀಳುತ್ತಿರುವಂತೆ ಅಜ್ಜಿ ತೊಟ್ಟಿಲು ತೂಗುವಳು. ಕಲ್ಲು ಮೇಲೆ ಉಳಿಯುವುದು, ಮರಳು ಜಾಳಿಗೆಯಲ್ಲಿ ಇಳಿದು ಹಲಗೆಯ ಮೇಲೆ ಹರಿಯುವುದು, ಭಾರವಾದದ್ದು ಅಡ್ಡಪಟ್ಟಿಯ ಸಂದಿಯಲ್ಲಿ ಕೂರುವುದು. ಸಂಜೆ ಸಂದಿಯ ಮರಳನ್ನೂ ಕಂಬಳಿ ಹಿಂಡಿದ ಕೆಸರನ್ನೂ ಮರಿಗೆಯಲ್ಲಿ ತೊಳೆಯುವುದು.

ದಾರಿಯಲ್ಲಿ ಹೋಗುವವರು ನಿಂತು ನೋಡಿ, ಹುಲಿಯಾ ಮರಳಿಗೆ ಜೋಗುಳ ಹಾಡುತ್ತಾನೆ ಎಂದು ಆಡಿಕೊಂಡರು. ಪಕ್ಕದ ಮನೆಯ ಬೀರಿ ಮಾತ್ರ ಅಜ್ಜಿಗೆ ಮಧ್ಯಾಹ್ನದ ಗಂಜಿ ತಂದುಕೊಟ್ಟು ಹೋಗುತ್ತಿದ್ದಳು. ಮೊದಮೊದಲು ತೊಟ್ಟಿಲು ತೂಗುವಾಗ ಅಜ್ಜಿಯ ಕಣ್ಣು ತಾನಾಗಿ ತುಂಬುತ್ತಿತ್ತಂತೆ. ನೀರು ಹೇಗೂ ಮುಖಕ್ಕೆ ಹಾರುತ್ತಿದ್ದದ್ದರಿಂದ ಗಂಡನಿಗೆ ತಿಳಿಯಲಿಲ್ಲ. ಆಮೇಲೆ ಕೈಗೆ ಅದರ ಲಯ ಹತ್ತಿತು, ಹಾಡು ತಾನಾಗಿ ಬಾಯಿಗೆ ಬಂತು.

ಬಂಗಾರ ಮಾತ್ರ ಕಾಣಲಿಲ್ಲ. ಅಜ್ಜ ಮರಿಗೆ ತಿರುಗಿಸಿ ತಿರುಗಿಸಿ ಕಪ್ಪು ಮರಳನ್ನೂ ಹೊಳೆಗೆ ಚೆಲ್ಲಿಬಿಡುತ್ತಿದ್ದ. ಒಂದು ಸಂಜೆ ಅವನು ಸೋತು ಮರಿಗೆಯನ್ನು ಕೆಳಗಿಟ್ಟಾಗ ಅಜ್ಜಿ ಅದನ್ನು ತನ್ನ ಕಡೆ ಎಳೆದುಕೊಂಡಳು. ದಿನಾ ಅಕ್ಕಿಯ ಕಲ್ಲು ಗಾಳಿಸುವುದು ಅವಳ ಕೆಲಸ. ಅಕ್ಕಿಯನ್ನು ನೀರಿನಲ್ಲಿ ತೂಗುತ್ತ ತೂಗುತ್ತ ಮುಂದಿನ ಪಾತ್ರೆಗೆ ಜಾರಿಸಿ, ಕಲ್ಲನ್ನು ಹಿಂದೆ ಉಳಿಸುವುದು. ಇಲ್ಲೂ ಹಾಗೆಯೇ ಮಾಡಿದಳು. ರಟ್ಟೆ ಅಲ್ಲಾಡಿಸದೆ ಮಣಿಕಟ್ಟು ಮಾತ್ರ ಆಡಿಸಿ, ಸ್ವಲ್ಪ ನೀರು ತೆಗೆದುಕೊಂಡು ಸ್ವಲ್ಪ ಬಿಟ್ಟು, ಬಿಳಿ ಮರಳನ್ನು ಮುಂದಕ್ಕೆ ಕಳಿಸಿದಳು. ಕಪ್ಪು ಮರಳು ಗೆರೆಯಂತೆ ಉಳಿಯಿತು. ಅದನ್ನೂ ಒಮ್ಮೆ ಹಿಂದಕ್ಕೆ ಮುಂದಕ್ಕೆ ಸರಿಸಿದಾಗ ಗೆರೆಯ ಬಾಲದಲ್ಲಿ ಒಂದು ಹಳದಿ ಕಣ. ಅಜ್ಜ ಎರಡೂ ಅಂಗೈಯನ್ನು ಅದರ ಮೇಲೆ ಕೊಡೆಯಂತೆ ಹಿಡಿದ. ನೆರಳಿನಲ್ಲೂ ಅದು ಹಳದಿಯಾಗಿಯೇ ಇತ್ತು.

ಈ ಸಲ ದತ್ತಾ ಶೇಟರ ಅಂಗಡಿಗೆ ಇಬ್ಬರೂ ಹೋದರು. ಒಯ್ದದ್ದು ಕೋಳಿಗರಿಯ ಬುಡದೊಳಗೆ ಸೇರಿಸಿ ಮೇಣ ಮೆತ್ತಿದ ನಾಲ್ಕಾರು ಕಣ. ಶೇಟರು ಒಂದನ್ನು ತಟ್ಟಿದರು. ಅದು ಪುಡಿಯಾಗದೆ ಚಪ್ಪಟೆಯಾಗಿ ಹರಡಿತು. ಮತ್ತೆ ತಟ್ಟಿದರು, ಇನ್ನೂ ಹರಡಿತು. ಅವರು ಒಳಗೆ ಹೋಗಿ ಹೆಂಡತಿಯನ್ನು ಕರೆದುಕೊಂಡು ಬಂದು ತೋರಿಸಿದರು. ಆಕೆ ಅಜ್ಜಿಗೆ ಕುಳಿತುಕೊಳ್ಳಲು ಮಣೆ ಹಾಕಿ ಬೆಲ್ಲ ನೀರು ಕೊಟ್ಟರು. ಪೇಟೆಯ ಅಂಗಡಿಯೊಂದರ ಒಳಗೆ ಮಣೆಯ ಮೇಲೆ ಕುಳಿತದ್ದನ್ನು ಅಜ್ಜಿ ಬಂಗಾರ ಸಿಕ್ಕಿದ್ದಕ್ಕಿಂತ ಹೆಚ್ಚು ಸಂತೋಷದಿಂದ ನೆನೆಯುತ್ತಿದ್ದಳು.

ಸುದ್ದಿ ಅವರಿಗಿಂತ ಮೊದಲೇ ಕೊಪ್ಪ ತಲುಪಿತ್ತು. ಮರುದಿನ ಹೊಳೆಯ ಬಾಗಿಗೆ ಹೋದರೆ ಅಲ್ಲಿ ಬೀರಿ ಮರಿಗೆ ಹಿಡಿದು ನಿಂತಿದ್ದಾಳೆ. ಅವಳ ಹಿಂದೆ ಇಡೀ ಕೊಪ್ಪ. ಕರನಿರಾಕರಣೆಯಲ್ಲಿ ಗದ್ದೆ ಜಪ್ತಿಯಾಗಿ, ಜೈಲಿನಿಂದ ಬಂದ ಮೇಲೆ ಮಾಡಲು ಕೆಲಸವಿಲ್ಲದೆ ಕುಳಿತಿದ್ದ ತಿಮ್ಮು ಗೌಡನೂ ಬಂದಿದ್ದ. ಕೆಲವರ ಕೈಯಲ್ಲಿ ಮಡಕೆಯ ಮುಚ್ಚಳ, ಕೆಲವರ ಕೈಯಲ್ಲಿ ಅಡಿಕೆ ಹಾಳೆ. ಜಾಗ ತಮ್ಮದೆಂದು ಅಜ್ಜ ಹೇಳಲಿಲ್ಲ. ಯಾವ ಬಂಡೆಯ ಬೆನ್ನಿಗೆ ಅಗೆಯಬೇಕೆಂದು ತೋರಿಸಿದ. ತಿಮ್ಮುವಿಗೆ ತನ್ನಂಥದ್ದೇ ಒಂದು ಹಲಗೆ ಬೇಕೆಂದಾಗ, ದೋಣಿಯ ಬದಲು ಬೈನೆ ಮರದ ಸೀಳಿಗೆ ಬಿದಿರಿನ ಪಟ್ಟಿ ಬಡಿದು ಮಾಡಿಕೊಟ್ಟ. ಹೆಂಗಸರಿಗೆ ಗಾಳಿಸುವುದನ್ನು ಅಜ್ಜಿ ಹೇಳಿಕೊಡಬೇಕಾಗಿಯೇ ಬರಲಿಲ್ಲ.

ಆ ಬೇಸಿಗೆಯ ಮಾತು ಬಂದಾಗ ಅಜ್ಜಿ ಹುಣಸೆಹಣ್ಣನ್ನು ಮೊರದಲ್ಲೇ ಬಿಟ್ಟು ಹೊಳೆಯ ಕಡೆ ನೋಡುತ್ತಿದ್ದಳು. ಬೆಳಿಗ್ಗೆ ಎಲ್ಲರೂ ಒಟ್ಟಿಗೆ ಹೊರಡುವುದು. ಮರಳಿನ ಮೇಲೆ ಮೂರು ಕಲ್ಲು ಹೂಡಿ ಒಂದೇ ದೊಡ್ಡ ಮಡಕೆಯಲ್ಲಿ ಗಂಜಿ. ಗಂಡಸರು ಹಿಡಿದ ಹೊಳೆಮೀನು ಕೆಂಡದ ಮೇಲೆ. ಕೊರಳು ತುಂಬ ಮಣಿಸರ ಹಾಕಿದ ಹೆಂಗಸರು ಸಾಲಾಗಿ ನೀರಿನಲ್ಲಿ ಕುಳಿತು ಮರಿಗೆ ಆಡಿಸುವಾಗ ಒಬ್ಬಳು ಹಾಡು ಎತ್ತುವಳು, ಉಳಿದವರು ಹಿಡಿದುಕೊಳ್ಳುವರು. ಆ ಹಾಡಿಗೆ ಆಚೆ ದಡದ ಕಾಡೂ ಓಗೊಡುತ್ತಿತ್ತು ಎನ್ನುತ್ತಿದ್ದಳು. ಸಿಕ್ಕಿದ ಕಣವನ್ನು ಎಲ್ಲರಿಗೂ ತೋರಿಸಬೇಕು. ತೋರಿಸುವಾಗ ಬೆರಳಿನಿಂದ ಜಾರಿ ಹೊಳೆಗೆ ಬಿದ್ದದ್ದೂ ಉಂಟು. ಬೀರಿಯದ್ದು ಹೀಗೆ ಬಿದ್ದಾಗ ಅವಳು ಸೆರಗು ಬಾಯಿಗೆ ತುರುಕಿಕೊಂಡು ನಕ್ಕು ನಕ್ಕು ನೀರಿನಲ್ಲಿ ಕೂತೇಬಿಟ್ಟಳಂತೆ. ಮನೆಮನೆಯ ದುಃಖ ಹೊತ್ತುಕೊಂಡು ಬಂದವರು ಅಲ್ಲಿ ಅದನ್ನು ಕೆಳಗಿಟ್ಟಿದ್ದರು ಎಂದು ನನಗೆ ಈಗ ಅನ್ನಿಸುತ್ತದೆ. ಅಜ್ಜಿ ಹೇಳುತ್ತಿದ್ದದ್ದು ಇಷ್ಟೇ: "ಅಷ್ಟ್ ಜನ ಒಟ್ಟಿಗೆ ನಗುದು ನಾ ಮತ್ತೆ ನೋಡ್ಲೇ ಇಲ್ಲ ಮಗಾ."

ಜಾಲಗಾರ ಮುದುಕ ಹೇಳಿದ್ದು ಸುಳ್ಳಾಗಲಿಲ್ಲ. ಯಾರ ಹೊಟ್ಟೆಯೂ ಅದರಿಂದ ತುಂಬಲಿಲ್ಲ. ಮೋಡ ಕಟ್ಟುವ ಹೊತ್ತಿಗೆ ಒಬ್ಬೊಬ್ಬರಾಗಿ ಗದ್ದೆಗೆ, ಕೂಲಿಗೆ ಹೋದರು. ಅಜ್ಜ, ಅಜ್ಜಿ ಮಾತ್ರ ಮರುವರ್ಷ ಮತ್ತೆ ಗಳು ನೆಟ್ಟರು. ಆ ಬೇಸಿಗೆಯ ನಡುವೆ ಒಂದು ದಿನ ಅಜ್ಜಿ ತೊಟ್ಟಿಲು ತೂಗುತ್ತಿದ್ದವಳು ಕೈಬಿಟ್ಟು ಬಂಡೆಯ ಮರೆಗೆ ಹೋಗಿ ವಾಂತಿ ಮಾಡಿಕೊಂಡಳು. ತಿರುಗಿ ಬಂದಾಗ ಅಜ್ಜ ಮರಳಿನ ಬುಟ್ಟಿಯನ್ನು ಕೆಳಗಿಟ್ಟು ಅವಳ ಮುಖ ನೋಡುತ್ತಿದ್ದ. ಅವಳು ಹೌದೆಂದು ತಲೆಯಾಡಿಸಿದಳು. ಅವನು ತೊಟ್ಟಿಲಿನಲ್ಲಿದ್ದ ಕಲ್ಲನ್ನೆಲ್ಲ ಕೈಯಿಂದ ಆರಿಸಿ ಹೊರಗೆ ಹಾಕಿ, ಹಗ್ಗ ಬಿಚ್ಚಿ, ತೊಟ್ಟಿಲನ್ನು ತಲೆಯ ಮೇಲೆ ಹೊತ್ತು ಮನೆಯ ಕಡೆ ನಡೆದ. ಅವಳು ಹಿಂದೆಯೇ ನಡೆದಳು. ಅಕ್ಕಿ ಮುಡಿಯ ಹಿಂದಿದ್ದ ಹಲಗೆ ಅದರ ಜಾಗಕ್ಕೆ ಸೇರಿತು. ದೋಣಿಯ ತುಂಡು, ಗಳು, ದಂಬೆ ಎಲ್ಲವೂ ದಂಡೆಯಲ್ಲೇ ಉಳಿದವು. ಆ ಮಳೆಗಾಲದ ದೊಡ್ಡ ನೆರೆ ಅವನ್ನು ಒಯ್ದು, ಹೊಳೆ ಸಮುದ್ರ ಸೇರುವ ಮಂಜಗುಣಿಯ ಅಳಿವೆಗೆ ಮುಟ್ಟಿಸಿರಬೇಕು.

ಎರಡು ಬೇಸಿಗೆಯ ಬಂಗಾರವನ್ನೆಲ್ಲ ದತ್ತಾ ಶೇಟರು ಕರಗಿಸಿದಾಗ ಆದದ್ದು ಉದ್ದಿನಕಾಳಿನಷ್ಟು ದೊಡ್ಡ ಒಂದು ಗುಂಡು. ಮೂಗುಬೊಟ್ಟು ಮಾಡಲೇ ಎಂದು ಅವರು ಕೇಳಿದರು. ಅಜ್ಜಿ ಬೇಡವೆಂದು, ನೂಲು ಪೋಣಿಸಲು ಒಂದು ತೂತು ಮಾತ್ರ ಹಾಕಿಸಿಕೊಂಡಳು. ಹುಟ್ಟಿದ ಕೂಸಿಗೆ ಜೇನಿನಲ್ಲಿ ಬಂಗಾರ ತೇದು ನೆಕ್ಕಿಸುವುದು ನಮ್ಮ ಕಡೆಯ ರೂಢಿ. ಕೊಪ್ಪದಲ್ಲಿ ಬಂಗಾರ ಇದ್ದವರೇ ಇರಲಿಲ್ಲವಾದ್ದರಿಂದ ಬರೀ ಜೇನು ನೆಕ್ಕಿಸುತ್ತಿದ್ದರು. ನನ್ನ ತಾಯಿ ಸೋಮಿ ಹುಟ್ಟಿದಾಗ ಅಜ್ಜ ತಾನೇ ಬಜೆ ತೇಯುವ ಕಲ್ಲಿನ ಮೇಲೆ ಆ ಗುಂಡನ್ನು ಎರಡು ಸುತ್ತು ತೇದು, ಜೇನು ಬೆರೆಸಿ ಕೂಸಿನ ತುಟಿಗೆ ಹಚ್ಚಿದ. ಮುಂದಿನ ತಿಂಗಳು ಬೀರಿಯ ಮೊಮ್ಮಗ ಹುಟ್ಟಿದಾಗ ಅವಳು ಬಂದು ನಾಚುತ್ತ ಕೇಳಿದಳು. ಅಜ್ಜಿ ಗುಂಡನ್ನು ನೂಲಿನಿಂದ ಬಿಚ್ಚಿ ಕೊಟ್ಟಳು. ತಿಮ್ಮುವಿನ ಗದ್ದೆ ಅವನ ಕೈಗೆ ಮರಳಿ ಬಂದ ವರ್ಷ ಅವನ ಮನೆಯಲ್ಲೂ ಒಂದು ಕೂಸು ಹುಟ್ಟಿತು; ಅಲ್ಲಿಗೂ ಹೋಯಿತು. ಅಲ್ಲಿಂದ ಮುಂದೆ ಕೊಪ್ಪದಲ್ಲಿ, ಆಮೇಲೆ ಅಕ್ಕಪಕ್ಕದ ಊರಿನಲ್ಲಿ, ಕೇಣಿಯ ಕುಪ್ಪನ ಮನೆಯಲ್ಲಿ, ಯಾರ ಮನೆಯಲ್ಲಿ ಕೂಸು ಹುಟ್ಟಿದರೂ ಯಾರಾದರೊಬ್ಬರು ನಮ್ಮ ಅಂಗಳಕ್ಕೆ ಬಂದು ನಿಲ್ಲುತ್ತಿದ್ದರು. ನನ್ನ ನಾಲಿಗೆಗೂ ಅದೇ ಗುಂಡಿನ ಬಂಗಾರ ಬಿದ್ದಿದೆ.

ಅಜ್ಜ ಮತ್ತೆ ಹೊಳೆಯಲ್ಲಿ ಬಂಗಾರ ಹುಡುಕಲಿಲ್ಲ. ಮತ್ತೊಂದು ಯಂತ್ರ ಮಾಡು ಎಂದು ಕುಪ್ಪ ಎಷ್ಟೋ ಸಲ ರೇಗಿಸಿದ; ಅಜ್ಜ ನಕ್ಕು ನೇಗಿಲು ಕೆತ್ತುತ್ತಿದ್ದ. ಗುಂಡು ವರ್ಷದಿಂದ ವರ್ಷಕ್ಕೆ ಸವೆಯಿತು. ಉದ್ದಿನಕಾಳು ಎಳ್ಳಾಯಿತು, ತೂತಿನ ಅಂಚು ಹರಿದು ಸಣ್ಣ ಸಿಪ್ಪೆಯಾಯಿತು. ಅಜ್ಜನ ಕಣ್ಣು ಮಂಜಾದ ಕಾಲದಲ್ಲಿ ಕೊಪ್ಪದ ಕೊನೆಯ ಮನೆಯಲ್ಲಿ ಒಂದು ಹೆಣ್ಣು ಕೂಸು ಹುಟ್ಟಿತು. ಸಿಪ್ಪೆಯನ್ನು ಒಯ್ದ ಆ ಮನೆಯ ಸೊಸೆ ಮಧ್ಯಾಹ್ನ ಅಳುಮುಖ ಮಾಡಿಕೊಂಡು ಬರಿಗೈಯಲ್ಲಿ ಬಂದಳು. ತೇಯುತ್ತಿದ್ದಂತೆ ಅದು ಕಲ್ಲಿನ ಮೇಲೆಯೇ ಮುಗಿದುಹೋಯಿತು, ಕಲ್ಲು ತೊಳೆದು ಹುಡುಕಿದರೂ ಸಿಗಲಿಲ್ಲ ಎಂದಳು. ಅಜ್ಜಿ ಅಜ್ಜನ ಕಡೆ ನೋಡಿದಳು.

ಜಗಲಿಯಲ್ಲಿ ಕುಳಿತು ಹಗ್ಗ ಹೊಸೆಯುತ್ತಿದ್ದ ಅಜ್ಜ ಕೈ ನಿಲ್ಲಿಸಿ ಕೇಳಿದ. "ಕೂಸು ಜೇನು ಪೂರಾ ನೆಕ್ತಾ?"

"ನೆಕ್ತು ಅಜ್ಜಾ. ಬಟ್ಲು ಕಾಲಿ."

ಆಗಲಿ ಎಂಬಂತೆ ಅವನು ತಲೆಯಾಡಿಸಿದ. ಕೂಸಿಗೆ ಏನು ಹೆಸರು ಇಡುತ್ತೀರಿ ಎಂದು ಕೇಳಿ, ಹೆಸರು ಕೇಳಿಸಿಕೊಂಡು, ಮತ್ತೆ ಹಗ್ಗ ಹೊಸೆಯತೊಡಗಿದ.